ಕಿಟಕಿ ಪಕ್ಕದ ಗೋಡೆಗೆ ಯಾವ ಬಣ್ಣ

ಅಮ್ಮನಿಗೆ,

ನೀನು ಚಿಕ್ಕಮ್ಮನ ಮನೆಗೆ ಹೋಗಿ ತಿಂಗಳಾಯಿತು. ಇಲ್ಲಿ ನಾವಿಬ್ಬರೂ ಆರಾಮ. ಈಗ ಬರೆಯುತ್ತಿರುವುದು ಬರೀ ಬಣ್ಣದ ವಿಷಯಕ್ಕೆ.

ಅಪ್ಪ ಹಜಾರಕ್ಕೆ ಬಣ್ಣ ಹೊಡೆಸುತ್ತಿದ್ದಾರೆ. ಪೇಂಟರ್ ನಾಲ್ಕು ಬಗೆಯ ಹಳದಿಯನ್ನು ಗೋಡೆಯ ಮೇಲೆ ಅಂಗೈಯಗಲ ಹಚ್ಚಿ ಹೋಗಿದ್ದಾನೆ. ನನ್ನ ಕಣ್ಣಿಗೆ ನಾಲ್ಕೂ ಒಂದೇ. ಜನ್ಮದಲ್ಲಿ ತಮ್ಮ ಅಂಗಿಯನ್ನೇ ಆರಿಸಿಕೊಳ್ಳದ ಅಪ್ಪ, ಬೆಳಿಗ್ಗೆ ಒಮ್ಮೆ ಸಂಜೆ ಒಮ್ಮೆ ಅದರ ಮುಂದೆ ನಿಂತು, ಕನ್ನಡಕ ಹಾಕಿ ನೋಡುತ್ತಾರೆ, ತೆಗೆದೂ ನೋಡುತ್ತಾರೆ. ಏನಾಗಿದೆ ಇವರಿಗೆ?

ಕಿಟಕಿ ಪಕ್ಕ ನೀನು ತಲೆ ಒರಗಿಸಿ ಕೂರುವ ಜಾಗದ ಎಣ್ಣೆ ಕಲೆಯನ್ನು ಪೇಂಟರ್ ಹಳೇ ಬಣ್ಣದ ಸಮೇತ ಉಜ್ಜಿ ತೆಗೆದ. ಅದೇ ಕಲೆ. "ಗೋಡೆ ಹಾಳು ಮಾಡ್ತೀಯ" ಅಂತ ಅಪ್ಪ ಕೂಗಾಡಿದ್ದು, "ಗೋಡೆ ಜೊತೇಲೇ ಸಂಸಾರ ಮಾಡಿ" ಅಂತ ನೀನು ಹೊರಟಿದ್ದು, ಎಲ್ಲ ಅದಕ್ಕೇ ತಾನೆ.

"ಇಲ್ಲಿಗೆ ಹೊಳಪಿನ ಪೇಂಟೇ ಹಾಕೋಣ ಸಾರ್," ಎಂದ ಪೇಂಟರ್. "ಒದ್ದೆ ಬಟ್ಟೇಲಿ ಒರೆಸಿದ್ರೆ ಕಲೆ ಹೋಗುತ್ತೆ. ಹೊಳಪಿಲ್ಲದ್ದು ಎಣ್ಣೆ ಕುಡಿದುಬಿಡುತ್ತೆ. ಆಮೇಲೆ ಜಪ್ಪಯ್ಯ ಅಂದ್ರೂ ಹೋಗಲ್ಲ."

ಅಪ್ಪ ಕಲೆಯಿದ್ದ ಜಾಗವನ್ನು ಅಂಗೈಯಲ್ಲಿ ಸವರಿದರು. "ಹೊಳಪಿಲ್ಲದ್ದೇ ಹಾಕು."

"ಕಲೆ ಹೋಗಲ್ಲ ಸಾರ್!"

"ಗೊತ್ತಪ್ಪ. ಹೋಗೋದು ಬೇಡ."

ಪೇಂಟರ್ ನನ್ನ ಮುಖ ನೋಡಿದ. ನಾನು ಶೇಡ್ ಕಾರ್ಡ್ ನೋಡಿದೆ.

ಅವನು ಸೋಮವಾರ ಬರುತ್ತಾನೆ. ನಾಲ್ಕು ಹಳದಿಯಲ್ಲಿ ಯಾವುದೆಂದು ನೀನೇ ಬಂದು ನೋಡಿ ಹೇಳು. ಇದು ಅಪ್ಪ ಬರೆಸಿದ್ದಲ್ಲ. ಬಣ್ಣ ಒಣಗಲು ಎರಡು ದಿನ ಸಾಕಂತೆ.

ಬರುವಾಗ ತಲೆಗೆ ಎಣ್ಣೆ ಹಚ್ಚಿಕೊಂಡೇ ಬಾ.

ನಿನ್ನ ಬಾಯಿಬಡುಕಿ ಮಗಳು