ಹುಂಜ ಕಾಣದ ಮೊಟ್ಟೆ

ಸಾ ದೆಕ್,
ಮಂಗಳವಾರ ಮಧ್ಯಾಹ್ನ

ಲಾಯ್ ಅಕ್ಕಾ,

ಇವತ್ತು ಬೆಳಿಗ್ಗೆ ಅಮ್ಮನ ಅಡುಗೆಮನೆಯಲ್ಲಿ ಮೊಟ್ಟೆ ಒಡೆದೆ. ಮೂವತ್ತೊಂದು ವರ್ಷಗಳಲ್ಲಿ ಇದೇ ಮೊದಲು. ಚಿಪ್ಪಿನ ಚೂರು ಹಿಟ್ಟಿಗೆ ಬಿತ್ತು. ಅದನ್ನು ಬೆರಳಿನಿಂದ ಹೆಕ್ಕುತ್ತಾ ನಿನ್ನನ್ನು ಬಾಯಿಗೆ ಬಂದ ಹಾಗೆ ಬೈದೆ. ಆ ಬೈಗುಳವನ್ನೆಲ್ಲ ಇಲ್ಲಿ ಬರೆಯುವುದಿಲ್ಲ, ಕುಶಲ ಕೇಳುವ ಮನಸ್ಸೂ ಇಲ್ಲ. ನೀನು ಚೆನ್ನಾಗಿಯೇ ಇರುತ್ತೀಯ, ನನಗೆ ಗೊತ್ತು.

ನಲವತ್ತು ದಿನಗಳಿಂದ ನಿನ್ನ ಫೋನ್ ಎತ್ತಿಲ್ಲ. ಎತ್ತಿದ್ದರೆ ಜಗಳವಾಗುತ್ತಿತ್ತು, ಜಗಳದಲ್ಲಿ ನೀನೇ ಗೆಲ್ಲುತ್ತಿದ್ದೆ. ಕಾಗದದಲ್ಲಾದರೆ ನೀನು ನಡುವೆ ಬಾಯಿ ಹಾಕುವಂತಿಲ್ಲ. ಮೊನ್ನೆ ನಿನ್ನ ಸಂದೇಶ ಬಂತಲ್ಲ, "ನೂರನೇ ದಿನಕ್ಕೆ ಡೋನಟ್ ನಾನೇ ಮಾಡ್ಕೊಂಡು ಬರ್ತೀನಿ ಕಣೇ, ಅಮ್ಮಂಗೆ ನನ್ನ ಕೈದೇ ಇಷ್ಟ ಇತ್ತಲ್ಲ" ಅಂತ. ನಿನ್ನ ಡೋನಟ್ ಅಮ್ಮನ ಪಟದ ಮುಂದೆ ಇಡಬೇಕೋ ಬೇಡವೋ ಎಂಬುದಕ್ಕೆ ಉತ್ತರ ಈ ಕಾಗದ. ಪೂರ್ತಿ ಓದು. ಅರ್ಧಕ್ಕೆ ಮಡಚಿ ನೀನು ಕೆಲಸ ಮಾಡುವ ಔಷಧಿ ಅಂಗಡಿಯ ಡ್ರಾಯರಿಗೆ ತುರುಕಬೇಡ.

ಅಮ್ಮ ತೀರಿಕೊಂಡ ನಲವತ್ತೊಂಬತ್ತನೇ ದಿನದ ಊಟದಲ್ಲಿ ನೀನು ಆಡಿದ ಮಾತು ನಿನಗೆ ನೆನಪಿರಲಿಕ್ಕಿಲ್ಲ. ನನಗಿದೆ. ನಾನು ಅಣಬೆ ಸಾರು ಬಡಿಸುತ್ತಿದ್ದೆ. ಚಿಕ್ಕಮ್ಮ, "ಪಾಪ, ಅಕ್ಕ ಕೊನೇ ತಿಂಗಳಲ್ಲಿ ಸ್ವಲ್ಪ ಗೆಲುವಾಗಿದ್ಲು" ಅಂದಳು. ನೀನು ನಗುತ್ತಾ, ಅದು ಲಾಟರಿ ಹೊಡೆದ ಸುದ್ದಿಯೇನೋ ಎಂಬಂತೆ, "ಅದು ನನ್ನ ಮೊಟ್ಟೆ ಮಹಿಮೆ ಚಿಕ್ಕಮ್ಮ. ಡೋನಟ್‌ಗೆ ಎರಡೆರಡು ಹಾಕಿರ್ತಿದ್ದೆ. ಫಾರಂ ಮೊಟ್ಟೆ, ಹುಂಜದ ಮುಖಾನೇ ಕಾಣದ್ದು. ಅದರಲ್ಲಿ ಜೀವ ಎಲ್ಲಿಂದ ಬರುತ್ತೆ? ಅದೂ ಸಸ್ಯಾಹಾರನೇ" ಅಂದೆ. ಚಿಕ್ಕಮ್ಮ ತಲೆಯಾಡಿಸಿದಳು. ನಮ್ಮ ಬೀದಿಯ ಅರ್ಧ ಜನ ಹಾಗೆಯೇ ನಂಬಿದ್ದಾರೆ, ಅದೂ ನನಗೆ ಗೊತ್ತು. ಹುಣ್ಣಿಮೆ ಅಮಾವಾಸ್ಯೆಗೆ ಮಾತ್ರ ವ್ರತ ಹಿಡಿಯುವವರು ಏನು ಬೇಕಾದರೂ ನಂಬಿಕೊಳ್ಳಲಿ. ಅಮ್ಮ ನಂಬಿದ್ದಳಾ? ಅದನ್ನು ಅವಳನ್ನು ಕೇಳಿದೆಯಾ ನೀನು? ನಾನು ಸೌಟನ್ನು ಸಾರಿನೊಳಗೇ ಬಿಟ್ಟು ಹಿತ್ತಲಿಗೆ ಹೋದೆ. ನೀವೆಲ್ಲ ನನಗೆ ದುಃಖ ಒತ್ತರಿಸಿ ಬಂತು ಅಂದುಕೊಂಡಿರಿ. ಬಂದದ್ದು ಸಿಟ್ಟು.

ನಿನಗೆ ಗೊತ್ತಿರುವ ಕತೆಯನ್ನೇ ಮತ್ತೆ ಹೇಳುತ್ತೇನೆ, ಮರೆತ ಹಾಗಿದೆ. ನಿನಗೆ ಒಂಬತ್ತು ವರ್ಷ, ನನಗೆ ಐದು. ನಿನಗೆ ಡೆಂಗಿ ಜ್ವರ ಬಂದು ಮೂಗಿನಲ್ಲಿ ರಕ್ತ ಸುರಿಯುತ್ತಿತ್ತು. ಡಾಕ್ಟರು ಏನೂ ಹೇಳಲಾಗದು ಅಂದರು. ಅಮ್ಮ ಆಗ ಸಂತೆಕಟ್ಟೆಯಲ್ಲಿ ಬಾತುಕೋಳಿ ಮೊಟ್ಟೆ ಮಾರುತ್ತಿದ್ದಳು. ಅವಳ ಸಮ ಮೊಟ್ಟೆಯ ಗುಣ ಬಲ್ಲವರು ಆ ಸಂತೆಯಲ್ಲಿ ಇನ್ನೊಬ್ಬರಿರಲಿಲ್ಲ. ಬೆಳಕಿಗೆ ಹಿಡಿದು, ಕಿವಿಯ ಹತ್ತಿರ ಅಲ್ಲಾಡಿಸಿ, ಇದು ಎಷ್ಟು ದಿನದ್ದು ಅಂತ ಹೇಳುತ್ತಿದ್ದಳು. ಬುಟ್ಟಿ ಹತ್ತು ಮಾರು ದೂರ ಇರುವಾಗಲೇ ಮೂಗರಳಿಸಿ, "ತಳದಲ್ಲೊಂದು ಕೆಟ್ಟಿದೆ, ತೆಗಿ" ಅನ್ನುತ್ತಿದ್ದಳು. ಅಂಥವಳು ಕ್ವಾನ್ ಆಮ್ ದೇವಿಯ ಮುಂದೆ ಮಂಡಿಯೂರಿ, ಈ ಮಗುವನ್ನು ಉಳಿಸಿಕೊಡು, ಬದುಕಿರುವ ತನಕ ಮಾಂಸ ಮೀನು ಮೊಟ್ಟೆ ಹಾಲು ಮುಟ್ಟುವುದಿಲ್ಲ, ಮಾರುವುದೂ ಇಲ್ಲ ಅಂತ ಮಾತು ಕೊಟ್ಟಳು. ನೀನು ಉಳಿದೆ. ಅವಳು ಮೊಟ್ಟೆ ಬುಟ್ಟಿಗಳನ್ನು ಪಕ್ಕದವಳಿಗೆ ಕೊಟ್ಟು ಮರುದಿನ ಅದೇ ಜಾಗದಲ್ಲಿ ಸೋಯಾ ಹಾಲಿನ ತೋಫು ಗಟ್ಟಿ ಇಟ್ಟುಕೊಂಡು ಕುಳಿತಳು. ಗಿರಾಕಿಗಳು ನಕ್ಕರು. ಅವಳು ಗಟ್ಟಿ ಕೊಯ್ದು ತೂಗಿ ಕೊಟ್ಟಳು.

ಆ ವ್ರತ ನಿನ್ನ ಉಸಿರಿಗೆ ಕೊಟ್ಟದ್ದು ಅಕ್ಕಾ. ಅದನ್ನು ಮುರಿಯಲು ನಿನಗೇ ಕೈ ಬಂತಾ?

ಅಮ್ಮ ಹಾಸಿಗೆ ಹಿಡಿದು, ಹೊಟ್ಟೆಯಲ್ಲಿ ಗಂಜಿಯೂ ನಿಲ್ಲದೆ ಹೋದಾಗ ಡೋನಟ್ ಶುರು ಮಾಡಿದವಳು ನಾನು. ಕರಿದದ್ದು ಆಗುತ್ತಿರಲಿಲ್ಲ, ಹಾಗಾಗಿ ಹೊಸವರ್ಷಕ್ಕೆ ನೀನು ಕೊಡಿಸಿದ ಪುಟ್ಟ ಓವನ್‌ನಲ್ಲಿ ಬೇಯಿಸಿದೆ. ಓವನ್ ನಿನ್ನದು, ಅದನ್ನು ಒಪ್ಪುತ್ತೇನೆ. ಎಷ್ಟು ಸಲ ಕೆಡಿಸಿದೆ ಗೊತ್ತಾ! ಮೊದಲನೆಯದು ಕಲ್ಲು. ಎರಡನೆಯದು ಅಚ್ಚಿಗೇ ಅಂಟಿ, ಚಾಕು ಹಾಕಿ ಕೆರೆಯಬೇಕಾಯಿತು. ಆಮೇಲೆ ಹದ ಸಿಕ್ಕಿತು. ಸಿಪ್ಪೆ ಕಪ್ಪಾಗುವಷ್ಟು ಹಣ್ಣಾದ ಎರಡು ಬಾಳೆಹಣ್ಣು, ಮೊಟ್ಟೆಯ ಬದಲಿಗೆ. ಹಾಲಿನ ಬದಲು ತೆಂಗಿನ ಹಾಲು. ಸೋಡಾ ಪುಡಿಯ ಮೇಲೆ ನಿಂಬೆರಸ ಹಿಂಡಿ, ನೊರೆ ಬಂದ ಕೂಡಲೇ ಹಿಟ್ಟಿಗೆ ಸೇರಿಸಿ, ಹೆಚ್ಚು ಕಲಸದೆ ಅಚ್ಚಿಗೆ ಸುರಿಯಬೇಕು. ಒಂದು ದಿನ ಹಲಸಿನ ತೊಳೆ ಸಣ್ಣಗೆ ಹೆಚ್ಚಿ ಹಾಕುತ್ತಿದ್ದೆ, ಒಂದು ದಿನ ಮಾವು, ಒಂದು ದಿನ ಅನಾನಸ್. ಅನಾನಸ್ ಹಾಕಿದ ದಿನ ಅಮ್ಮ ನನ್ನನ್ನು ಕೆಣಕದೆ ಬಿಡುತ್ತಿರಲಿಲ್ಲ. ನನಗೆ ಥೋಮ್ ಅಂತ ಆ ಹಣ್ಣಿನ ಹೆಸರನ್ನೇ ಇಟ್ಟವಳು ಅವಳೇ ತಾನೆ. "ಒಳಗೆ ಸಿಹಿ ಇದೆಯಂತೆ, ಮೇಲೆ ಮುಟ್ಟೋಕಾಗಲ್ಲ, ಬರೀ ಮುಳ್ಳು" ಅನ್ನುವಳು. ಅರ್ಧ ಡೋನಟ್ಟನ್ನು ಸೋಯಾ ಹಾಲಿನಲ್ಲಿ ಅದ್ದಿ ಅದ್ದಿ ತಿನ್ನುವಳು.

ಡಾಕ್ಟರು ಮೊಟ್ಟೆಯ ಬಿಳಿಯನ್ನಾದರೂ ಕೊಡಿ ಅಂದದ್ದು ನಿಜ. ನಿನಗಿಂತ ಮೊದಲು ನನಗೇ ಅಂದದ್ದು. ನಾನು ಅಮ್ಮನ ಕಾಲ ಬಳಿ ಕುಳಿತು ಕೇಳಿಕೊಂಡೆ, ಒಂದೇ ಒಂದು ತಿನ್ನು ಅಂತ. ಅವಳು, "ಕೊಟ್ಟ ಮಾತನ್ನ ಮಾರ್ಕೊಳ್ಳೋಕೆ ನಾನೇನು ಇನ್ನೂ ಸಂತೇಲಿ ಕೂತಿದೀನಾ? ಇನ್ನೊಂದ್ಸಲ ಈ ಮಾತು ಎತ್ತಬೇಡ" ಅಂದಳು. ಮತ್ತೆ ನಾನು ಎತ್ತಲಿಲ್ಲ. ಅವಳು ಕಣ್ಣೆದುರೇ ಸವೆಯುವುದನ್ನು ನೋಡುತ್ತಾ ಬಾಳೆಹಣ್ಣು ಕಿವುಚಿದೆ. ನೀನು ಸೈಗಾನ್‌ನಿಂದ ಫೋನಿನಲ್ಲಿ, "ಪ್ರೋಟೀನ್ ಕೊಡು, ಪ್ರೋಟೀನ್ ಕೊಡು" ಅಂತ ಅರಚುತ್ತಿದ್ದೆ.

ಆಮೇಲೆ ನನ್ನ ಅತ್ತೆ ತೀರಿಕೊಂಡು ನಾನು ಒಂಬತ್ತು ದಿನ ಗಂಡನ ಊರು ಕಾ ಮಾವ್‌ಗೆ ಹೋಗಬೇಕಾಯಿತು. ನೀನು ರಜೆ ಹಾಕಿ ಬಂದೆ. ನಾನು ಹಿಂತಿರುಗಿದಾಗ ಡಬ್ಬಿಯಲ್ಲಿ ಡೋನಟ್ ಇದ್ದವು, ಹೂವಿನ ಹಾಗೆ ಅರಳಿದವು, ಮುಟ್ಟಿದರೆ ಒಳಗೆ ಹೋಗುವಷ್ಟು ಮೆತ್ತಗೆ. ಪ್ರಯಾಣದ ಆಯಾಸದಲ್ಲಿ, ನೆಗಡಿ ಹಿಡಿದ ಮೂಗಿನಲ್ಲಿ ನಾನೂ ಒಂದು ತಿಂದೆ. ಹೊಟ್ಟೆಕಿಚ್ಚಾಯಿತು. "ಲಾಯ್ ಕೈಗೆ ಹದ ಬಂದಿದೆ ಕಣೇ" ಅಂತ ಅಮ್ಮ ಬೇರೆ ಹೇಳಿದಳು. ಏನು ಹಾಕಿದೆ ಅಂತ ನಿನ್ನನ್ನು ಕೇಳಿದೆ. ನೀನು ಕಣ್ಣು ಮಿಟುಕಿಸಿ, "ಇನ್ನೊಂದು ಬಾಳೆಹಣ್ಣು ಜಾಸ್ತಿ ಹಾಕು, ಅಷ್ಟೇ" ಅಂದೆ. ನಾಚಿಕೆಯಾಗಬೇಕು ನಿನಗೆ. ನಾನು ಪೆದ್ದಿಯ ಹಾಗೆ ಮೂರು ಹಾಕಿದೆ, ನಾಲ್ಕು ಹಾಕಿದೆ. ಹಿಟ್ಟು ಪಾಯಸದಂತಾಯಿತು, ಡೋನಟ್ ಒದ್ದೆ ಸ್ಪಂಜಿನಂತಾದವು. ಅಮ್ಮ ಒಂದು ಚೂರು ಮುರಿದು ಬಾಯಿಗಿಟ್ಟು, "ಇದೂ ಚೆನ್ನಾಗಿದೆ ಬಿಡು" ಅನ್ನುತ್ತಿದ್ದಳು. 'ಇದೂ' ಅಂತೆ, 'ಇದು' ಅಲ್ಲ! ಪ್ರತಿ ಶುಕ್ರವಾರ ನಿನ್ನ ಡಬ್ಬಿ ಬಸ್ಸಿನಲ್ಲಿ ಬರುತ್ತಿತ್ತು. ಅಮ್ಮ ಅದರ ಮುಚ್ಚಳ ತೆರೆದು, ಸ್ವಲ್ಪ ಹೊತ್ತು ಕಣ್ಣು ಮುಚ್ಚಿ, ಕೈ ಜೋಡಿಸಿ, ಆಮೇಲೆ ತಿನ್ನುತ್ತಿದ್ದಳು. ಒಂದು ಪೂರ್ತಿ. ನಾನು ಮಾಡಿದ್ದಕ್ಕೆ ಒಂದು ದಿನವೂ ಕೈ ಜೋಡಿಸಿದವಳಲ್ಲ. ದೂರದ ಮಗಳ ಡೋನಟ್ಟಿಗೆ ದೇವರ ಪ್ರಸಾದದ ಮರ್ಯಾದೆ ಅಂತ ನಾನು ಒಳಗೊಳಗೇ ಉರಿದೆ.

ಈಗ ನಾನು ಯಾರಿಗೂ ಹೇಳದೇ ಇರುವುದನ್ನು ಬರೆಯುತ್ತೇನೆ. ಅಮ್ಮ ಹೋಗುವ ಒಂದು ವಾರ ಮೊದಲು ನನ್ನನ್ನು ಹತ್ತಿರ ಕರೆದಳು. ಅಮಾವಾಸ್ಯೆ ಸಂಜೆ, ಹುಣ್ಣಿಮೆಯ ಹಿಂದಿನ ಸಂಜೆ ವಿಹಾರದಲ್ಲಿ ತಪ್ಪೊಪ್ಪಿಗೆಯ ಪಾಠ ಓದುತ್ತಾರಲ್ಲ, ಈ ಅಮಾವಾಸ್ಯೆಗೆ ಅಲ್ಲಿಗೆ ಹೋಗಿ ಭಿಕ್ಷುಣಿ ತಾಯಿಯ ಹತ್ತಿರ ತನ್ನ ಹೆಸರಿನಲ್ಲಿ ಒಂದು ಸಲ ಓದಿಸು ಅಂದಳು. ನನಗೆ ನಗು ಬಂತು. ಹಾಸಿಗೆಯಿಂದ ಏಳಲಾರದವಳು ಏನು ತಪ್ಪು ಮಾಡಿದೆಯಮ್ಮ ಅಂತ ಕೇಳಿದೆ.

"ಬಾಯಿ ತಪ್ಪು" ಅಂದಳು. "ಲಾಯ್‌ಗೆ ಹೇಳಬೇಡ."

ಯಾರನ್ನೋ ಬೈದಿರಬೇಕು ಅಂದುಕೊಂಡೆ. ನಿನ್ನನ್ನೇ ಬೈದಿರಬೇಕು ಅಂತಲೂ ಅಂದುಕೊಂಡು ಒಳಗೇ ಖುಷಿಪಟ್ಟೆ, ಅದನ್ನೂ ಬರೆದುಬಿಡುತ್ತೇನೆ.

ಇವತ್ತು ಬೆಳಿಗ್ಗೆ ಎರಡು ಬಗೆಯ ಹಿಟ್ಟು ಕಲಸಿದೆ. ಒಂದು ನನ್ನದು, ಒಂದು ನಿನ್ನದು. ನಿನ್ನದಕ್ಕೆ ಫಾರಂ ಮೊಟ್ಟೆಯನ್ನೇ ತಂದೆ, ಹುಂಜದ ಮುಖ ಕಾಣದ್ದು, ಎರಡು. ನೂರನೇ ದಿನಕ್ಕೆ ನಿನ್ನದಕ್ಕಿಂತ ಚೆನ್ನಾಗಿ ಮಾಡಿ, ನಿನ್ನೆದುರೇ ಅಮ್ಮನ ಮುಂದಿಟ್ಟು, ನಿನ್ನ ಮುಖ ಇಳಿಯುವುದನ್ನು ನೋಡಬೇಕು ಅಂತಿದ್ದೆ. ಅದಕ್ಕೆ ಮೊದಲು ನಿನ್ನದು ಎಷ್ಟು ಚೆನ್ನಾಗಿರುತ್ತದೆಂದು ತಿಳಿಯಬೇಕಿತ್ತು. ನಿನ್ನದು ಬೇಯುವಾಗ ನಾನು ಬಾಗಿಲ ಬಳಿ ಚೆಂಡುಹೂವಿನ ಕುಂಡಗಳಿಗೆ ನೀರು ಹಾಕುತ್ತಿದ್ದೆ. ಅಲ್ಲಿಗೇ ಬಂತು ವಾಸನೆ. ಬಾಳೆಹಣ್ಣನ್ನೂ ತೆಂಗಿನ ಹಾಲನ್ನೂ ದಾಟಿಕೊಂಡು ಬಂತು. ನಾನು ಒಂದು ದಿನವೂ ಮೊಟ್ಟೆ ಮಾರಿದವಳಲ್ಲ. ನನ್ನ ಮೂಗಿಗೇ ಅಲ್ಲಿಯವರೆಗೆ ಬಡಿಯಿತು.

ಚೊಂಬು ಕೈಯಲ್ಲೇ ಉಳಿಯಿತು ಅಕ್ಕಾ. ಹತ್ತು ಮಾರು ದೂರದ ಬುಟ್ಟಿಯಲ್ಲಿ ಕೆಟ್ಟ ಮೊಟ್ಟೆ ಯಾವುದು ಅಂತ ಹೇಳುತ್ತಿದ್ದವಳಿಗೆ ಮೂಗಿನ ಕೆಳಗಿನ ಡಬ್ಬಿಯಲ್ಲಿ ಏನಿದೆ ಅಂತ ಗೊತ್ತಾಗಲಿಲ್ಲವಾ? ಅವಳಿಗೆ ಮೊದಲ ದಿನವೇ ಗೊತ್ತಿತ್ತು. ಮುಚ್ಚಳ ತೆರೆಯುವ ಮೊದಲೇ ಗೊತ್ತಿತ್ತು. ಕೈ ಜೋಡಿಸುತ್ತಿದ್ದದ್ದು ದೇವಿಯ ಹತ್ತಿರ ಕ್ಷಮೆ ಕೇಳಲು. ಬಾಯಿ ತಪ್ಪು ಅಂದರೆ ಬೈಗುಳವಲ್ಲ, ನಿನ್ನ ಡೋನಟ್. ನೀನು ಅವಳನ್ನು ಮೋಸಗೊಳಿಸಿದೆ ಅಂದುಕೊಂಡು ನಲವತ್ತೊಂಬತ್ತನೇ ದಿನ ಬೀಗುತ್ತಿದ್ದೆ. ಮೋಸ ಹೋದವಳು ನೀನು. ನಿನ್ನ ಮನಸ್ಸು ನೋಯಬಾರದು ಅಂತ ಅವಳು ಮೂವತ್ತೊಂದು ವರ್ಷದ ಮಾತನ್ನು ಸೋಯಾ ಹಾಲಿನಲ್ಲಿ ಅದ್ದಿಕೊಂಡು ತಿಂದಳು. ನಿನ್ನ ಜೀವಕ್ಕಾಗಿ ಬಿಟ್ಟದ್ದನ್ನು ನಿನ್ನ ಸಂತೋಷಕ್ಕಾಗಿ ತಿಂದಳು.

ಹಾಗಾಗಿ ನನ್ನ ಸಿಟ್ಟು ಈಗ ನಿನ್ನೊಬ್ಬಳ ಮೇಲಲ್ಲ. ಅಮ್ಮನ ಮೇಲೂ ಇದೆ. ನಾನು ಕಾಲು ಹಿಡಿದು ಕೇಳಿದಾಗ ಮಾತು ಎತ್ತಬೇಡ ಅಂದವಳು, ನೀನು ಕದ್ದು ಕೊಟ್ಟಾಗ ತಿಂದಳು. ಹೇಳಿ ಕೇಳಿದವಳಿಗೆ ಗದರಿಕೆ, ಕೇಳದೇ ತಿನ್ನಿಸಿದವಳಿಗೆ ಹೊಗಳಿಕೆ. ಪಟದ ಮುಂದೆ ನಿಂತು ಇದನ್ನೇ ಜೋರಾಗಿ ಕೇಳಿದೆ. ಪಕ್ಕದ ಮನೆಯವರು ಇಣುಕಿ ನೋಡಿದರು. ಮೊಟ್ಟೆ ಹಾಕಿದ್ದನ್ನೆಲ್ಲ ಅವರಿಗೇ ಕೊಟ್ಟುಬಿಟ್ಟೆ, ಒಂದನ್ನು ತಿಂದು ನೋಡಿದ ಮೇಲೆ. ಹಾಳಾದದ್ದು ಚೆನ್ನಾಗಿತ್ತು.

ಇನ್ನೊಂದಿದೆ. ಇದನ್ನು ಬರೆಯಬಾರದೆಂದೇ ಇಷ್ಟುದ್ದ ನಿನ್ನನ್ನು ಬೈದೆ. ಆ ಅಮಾವಾಸ್ಯೆ ಸಂಜೆ ಅಮ್ಮ, "ಇವತ್ತಲ್ವಾ ಓದೋದು?" ಅಂತ ಕೇಳಿದಳು. ನಾನು ಆಗ ನಾಲ್ಕನೇ ಬಾಳೆಹಣ್ಣು ಕಿವುಚುತ್ತಿದ್ದೆ. ನಿನ್ನ ಡೋನಟ್ಟನ್ನು ಹೇಗಾದರೂ ಮೀರಿಸಬೇಕು ಅನ್ನುವ ಹಟ. "ಓವನ್ ಹಚ್ಚಿದೀನಮ್ಮ, ಹುಣ್ಣಿಮೆಗೆ ಓದಿಸೋಣ ಬಿಡು" ಅಂದೆ. ಆಗಲಿ ಅಂದಳು. ಐದನೇ ದಿನಕ್ಕೆ ಹೋಗಿಬಿಟ್ಟಳು. ನಾನು ಓದಿಸಲಿಲ್ಲ ಅಕ್ಕಾ. ಅವಳು ನನ್ನನ್ನು ಕೇಳಿದ್ದು ಅದೊಂದೇ, ಅದನ್ನೂ ನಾನು ಮಾಡಲಿಲ್ಲ.

ಈಗ ಉತ್ತರ. ನೂರನೇ ದಿನಕ್ಕೆ ಇನ್ನು ಹನ್ನೊಂದು ದಿನ. ಅದು ಹುಣ್ಣಿಮೆಗೇ ಬಿದ್ದಿದೆ, ಪಾಠ ಓದುವುದು ಹಿಂದಿನ ಸಂಜೆ. ನೀನು ಡೋನಟ್ ತರಬೇಡ. ಬರಿಗೈಯಲ್ಲಿ ಹಿಂದಿನ ದಿನ ಬೆಳಿಗ್ಗೆಯೇ ಬಾ. ಬಾಳೆಹಣ್ಣು ಕಪ್ಪಾಗಲು ಈಗಲೇ ತೂಗುಹಾಕಿದ್ದೇನೆ. ನನ್ನ ಕಣ್ಣೆದುರು ನಿಂತು ನೀನೇ ಕಿವುಚಬೇಕು, ಎರಡೇ ಎರಡು, ಹಲಸು ನೀನೇ ಹೆಚ್ಚಬೇಕು. ಅರಳದಿದ್ದರೆ ಅರಳದಿರಲಿ, ಗಟ್ಟಿಯಾದರೆ ಗಟ್ಟಿಯಾಗಲಿ, ಅಮ್ಮನ ಮುಂದೆ ಅದನ್ನೇ ಇಡುತ್ತೇವೆ. ಸಂಜೆ ಇಬ್ಬರೂ ವಿಹಾರಕ್ಕೆ ಹೋಗಿ ಅವಳ ಹೆಸರಿನಲ್ಲಿ ಓದಿಸುತ್ತೇವೆ. ನೀನು ಮೊಟ್ಟೆಯ ಮಾತನ್ನು ನಿನ್ನ ಬಾಯಲ್ಲೇ ಹೇಳು, ಬಾಳೆಹಣ್ಣಿನ ಮಾತನ್ನು ನಾನು ಹೇಳುತ್ತೇನೆ. ಹುಂಜ, ಫಾರಂ, ಪ್ರೋಟೀನ್ ಅಂತ ಅಲ್ಲಿ ವಾದ ಹೂಡಿದರೆ ಅಲ್ಲೇ ಬಿಟ್ಟು ಬರುತ್ತೇನೆ, ಮನೆ ಬಾಗಿಲು ತೆರೆಯುವುದಿಲ್ಲ.

ನೂರು ದಿನ ತುಂಬಿದ ಮೇಲೆ ಅಳಬಾರದು ಅನ್ನುತ್ತಾರೆ ಹಿರಿಯರು. ಸಿಟ್ಟಿನ ಬಗ್ಗೆ ಯಾರೂ ಏನೂ ಹೇಳಿಲ್ಲ, ಅದು ಇದ್ದೇ ಇರುತ್ತದೆ. ಅಳುವುದಿದ್ದರೆ ಮಾತ್ರ ಹಿಂದಿನ ದಿನವೇ ಅತ್ತು ಮುಗಿಸಬೇಕು. ನನಗೆ ಒಬ್ಬಳಿಗೇ ಆಗುತ್ತಿಲ್ಲ. ಬಾ.

ಬೆಳಗಿನ ಮೊದಲ ಬಸ್ಸಿಗೆ ಹೊರಡು, ಮುಂದಿನ ಸೀಟಿನಲ್ಲಿ ಕುಳಿತುಕೋ, ನಿನಗೆ ವಾಂತಿಯಾಗುತ್ತದೆ. ಅಮ್ಮ ಮಾತು ಕೊಟ್ಟು ಉಳಿಸಿಕೊಂಡ ಜೀವ ನಿನ್ನದು, ನೂರು ಕಾಲ ಗಟ್ಟಿಯಾಗಿರಲಿ, ನನ್ನ ಬೈಗುಳ ಪೂರ್ತಿ ಕೇಳುವಷ್ಟು.

ಇಂತಿ,
ಮೈಯೆಲ್ಲ ಮುಳ್ಳಿನ ನಿನ್ನ ತಂಗಿ,
ಥೋಮ್