ಕಾಲು ಮಡಿಸಿದ ಚಿಪ್ಪು

ಮಂಗಳವಾರ, ಮಾರ್ಚ್ ೧೨

ಅಕ್ಕಾ,

ನಮಸ್ಕಾರ. ನಿನ್ನ ಎರಡು ಪತ್ರಕ್ಕೂ ಸೇರಿಸಿ ಒಂದೇ ಉತ್ತರ. ತಡವಾಯಿತು, ಬೈದುಬಿಡು. ಬೇಹುಗಾರನ ಕೆಲಸ ಹಚ್ಚಿದವಳು ನೀನೇ; ವರದಿ ಕೈಗೆ ಬರುವ ತನಕ ಕಾಯಬೇಕಾಯಿತು.

"ಭಾನುವಾರ ಅವ್ರು ನಿಜವಾಗ್ಲೂ ನಿನ್ನ ಮನೆಗೇ ಬರ್ತಾರೇನೋ? ಸ್ವಲ್ಪ ಕಣ್ಣಿಡು" ಎಂದಿದ್ದೆ ನೀನು. ಭಾವ ಬರುತ್ತಿದ್ದರು. ಚಿಕ್ಕಂದಿನಲ್ಲಿ ಟಿವಿಗೆ ಸಿಕ್ಕಿಸಿ ಆಡುತ್ತಿದ್ದೆವಲ್ಲ, ಕೀಲಿಮಣೆಯೇ ಮೈಯಾಗಿರುವ ಆ ಹಳೆಯ ಕಂಪ್ಯೂಟರು, ಅದನ್ನು ಮೇಜಿನ ಮೇಲೆ ಬಿಚ್ಚಿಕೊಂಡು ಕೂರುತ್ತಿದ್ದರು. ಮೀಟರ್ ಹಿಡಿದು ವೋಲ್ಟೇಜ್ ನೋಡುವರು, ಊದಿಕೊಂಡ ಕೆಪಾಸಿಟರ್ ಕಿತ್ತು ಹೊಸದು ಬೆಸೆಯುವರು. ಸಂಜೆಗೆ ಬೆಳಗುವ ಪರದೆ, ಮುಂದಿನ ವಾರ ನೋಡಿದರೆ ಬರಿದೆ. (ಪ್ರಾಸ ಸಿಕ್ಕರೆ ಬಿಡುವವನಲ್ಲ, ನಿನಗೆ ಗೊತ್ತು.)

ನಿನ್ನ ಅನುಮಾನ ಅಂಟುಜಾಡ್ಯ, ನನಗೂ ಹತ್ತಿತು. ಒಳ್ಳೆಯ ಮೆಮೊರಿ ಚಿಪ್ಪುಗಳನ್ನು ಜೇಬಿಗಿಳಿಸಿ, ಸತ್ತವನ್ನು ಕೂರಿಸಿ ಹೋಗುತ್ತಿದ್ದಾರೆಯೇ? ಎಲ್ಲ ಚಿಪ್ಪುಗಳ ಬೆನ್ನಿಗೂ ಗುಟ್ಟಾಗಿ ಪೇಂಟಿನ ಚುಕ್ಕೆ ಇಟ್ಟೆ. ಅವರು ಹೋದ ಮೇಲೆ ಮುಚ್ಚಳ ತೆಗೆದೆ. ಚುಕ್ಕೆಗಳೆಲ್ಲ ಇದ್ದಲ್ಲೇ ಇದ್ದವು. ಆದರೆ ಒಂದು ಚಿಪ್ಪಿನ ಒಂದು ತಂತಿಗಾಲು ಸಾಕೆಟ್ಟಿಗೆ ಇಳಿಯದೆ ಹೊಟ್ಟೆಯಡಿ ಮಡಿಸಿಕೊಂಡಿತ್ತು; ಅಷ್ಟಾದರೆ ಸಾಕು, ಪರದೆ ಬೆಳಗದು. ಆತುರದಲ್ಲಿ ಒತ್ತಿದರೆ ಕಾಲು ಸೊಟ್ಟಗಾಗುತ್ತದೆ. ಇದು ಇಕ್ಕಳದಲ್ಲಿ ಇಸ್ತ್ರಿ ಮಾಡಿದಷ್ಟು ನೀಟು.

ಮುಂದಿನ ಭಾನುವಾರ ಕೇಳಿಯೇಬಿಟ್ಟೆ. "ಭಾವ, ಇದು ನಿಮ್ಮ ಕೆಲಸಾನಾ?"

"ಸಿಕ್ಕಿಬಿದ್ನಲ್ಲಪ್ಪಾ, ಕವಿರಾಯ!" ಎಂದು ನಕ್ಕರು. "ರಿಪೇರಿ ಆಗೋಯ್ತು ಅಂದ್ರೆ ಆಮೇಲೆ ಯಾವ ನೆಪ ಹೇಳಿ ಬರ್ಲಿ? ಮನೇಲಿ ನಿಮ್ಮಕ್ಕ ಜೇಬು ತಡಕ್ತಾಳೆ, ಶರ್ಟು ಮೂಸ್ತಾಳೆ, ಫೋನ್ ಬಂದ್ರೆ ಬಾಗಿಲ ಹಿಂದೆ ನಿಲ್ತಾಳೆ. ಇಲ್ಲೊಂದೇ ಕಡೆ ಯಾರೂ ನನ್ನ ಮೇಲೆ ಕಣ್ಣಿಟ್ಟಿಲ್ಲ. ಅಷ್ಟೇ ಸುಖ."

ಕುಡಿಯುತ್ತಿದ್ದ ಚಹಾ ನನಗೆ ನೆತ್ತಿಗೇರಿತು.

ಅಕ್ಕಾ, ಅಲ್ಲಿಯವರೆಗೆ ಭಾವ ಬೇರೆಲ್ಲಿಗೂ ಹೋಗುತ್ತಿರಲಿಲ್ಲ. ಇಷ್ಟನ್ನು ಆಣೆಯಿಟ್ಟು ಹೇಳಬಲ್ಲೆ. ಮಕ್ಕಳಿಗೆ ಮುದ್ದು. ಬೈದ ಮೇಲೆ ಒಂದಿಷ್ಟು ಆಶೀರ್ವಾದವನ್ನೂ ಮಾಡು.

ನಿನ್ನ
ತಮ್ಮ

ತಾ.ಕ.: ಅವತ್ತು ಸುಮ್ಮನಿರಲಾಗಲಿಲ್ಲ. "ಅಕ್ಕನೇ ಕಣ್ಣಿಡು ಅಂದಿದ್ಳು ಭಾವ" ಎಂದುಬಿಟ್ಟೆ. ಅವರು ಸಾಲ್ಡರಿಂಗ್ ಐರನ್ ತಣ್ಣಗಾಗುವ ತನಕ ಕೂತಿದ್ದು, ಅದನ್ನು ಚೀಲಕ್ಕೆ ಹಾಕಿಕೊಂಡು ಎದ್ದರು. ಈಗಲೂ ಭಾನುವಾರ ಬೆಳಿಗ್ಗೆ "ನಿನ್ನ ತಮ್ಮನ ಮನೆಗೆ" ಎಂದೇ ಹೊರಡುತ್ತಾರೆಂದು ಬರೆದಿದ್ದೀಯ. ಅವತ್ತಿನಿಂದ ಭಾವ ಇಲ್ಲಿಗೆ ಬಂದಿಲ್ಲ.