ನಾಲ್ಕೂ ಜನ ಇದ್ದೀವಿ, ಹೊರಡಿ

ಮಂಗಳವಾರ, ಬೆಳಿಗ್ಗೆ ಹನ್ನೊಂದು ಗಂಟೆ
(ನಿನಗೆ ನಿಮಿಷವೂ ಬೇಕಲ್ಲ, ಹನ್ನೊಂದೂ ಹತ್ತು)

ಗಡಿಯಾರಮ್ಮನವರ ಸನ್ನಿಧಾನಕ್ಕೆ,

"ಪ್ರೀತಿಯ" ಎಂದು ಶುರುಮಾಡುವುದು ಇಪ್ಪತ್ತೆರಡು ವರ್ಷದ ಅಭ್ಯಾಸ. ಇವತ್ತು ಆ ಪದ ಬರೆಯಲು ಮನಸ್ಸಿಲ್ಲ. ಅದರ ಜಾಗದಲ್ಲಿ ಇನ್ನೊಂದು ಪದ ಬರಬೇಕಿತ್ತು, ಅದನ್ನೂ ಬರೆಯಲಾಗಲಿಲ್ಲ. ಯಾವ ಪದವೆಂದು ನೀನೇ ಊಹಿಸಿಕೋ. ಆಪರೇಷನ್ ಥಿಯೇಟರಿನಲ್ಲಿ ಕತ್ತರಿ ಮೊಂಡಾಗಿ ಬಂದಾಗ ನಾನು ಏನೇನು ಅನ್ನುತ್ತಿದ್ದೆ ಎಂಬುದು ನಿನಗೆ ಗೊತ್ತಿದೆ. ಫೋನ್ ಮಾಡೋಣವೆಂದರೆ ನೀನು ಪ್ರತಿ ಮಾತಿಗೂ ಮಧ್ಯೆ ಬಾಯಿ ಹಾಕುತ್ತೀಯ. ಕಾಗದಕ್ಕೆ ನೀನು ಬಾಯಿ ಹಾಕಲಾರೆ. ಪೂರ್ತಿ ಓದು.

ಭಾನುವಾರ ಸಂಜೆ ಮನೆಗೆ ಬಂದು ಬ್ಯಾಗು ಸುರಿದೆ. ಪಕ್ಕದ ಜೇಬಿನಿಂದ ಒಂದು ಚೀಟಿ ಬಿತ್ತು. ನರರೋಗದ ಡಾಕ್ಟರರ ಚೀಟಿ. ಗುರುವಾರ ಹತ್ತು ಗಂಟೆ. ನಿನ್ನ ಗುಂಡು ಗುಂಡು ಅಕ್ಷರದಲ್ಲಿ ನನ್ನ ಹೆಸರು, ಮುಂದೆ ನನ್ನ ವಯಸ್ಸು. ವಯಸ್ಸಿನಲ್ಲಿ ಒಂದು ವರ್ಷವನ್ನಾದರೂ ಕಡಿಮೆ ಮಾಡುವ ಸೌಜನ್ಯ ಬೇಡವೇ? ಚೀಟಿಯನ್ನು ಹರಿದು ನಾಲ್ಕು ಚೂರು ಮಾಡಿ ಕಸದ ಬುಟ್ಟಿಗೆ ಹಾಕಿದೆ. ನಾನು ಹೋಗುವುದಿಲ್ಲ. ಯಾಕೆ ಹೋಗುವುದಿಲ್ಲ, ನಿನ್ನ ಮುಖವನ್ನೂ ಯಾಕೆ ನೋಡುವುದಿಲ್ಲ ಎಂದು ಹೇಳುವುದಕ್ಕೇ ಈ ಕಾಗದ.

ವರ್ಷಕ್ಕೊಂದು ಸಲ ಎರಡು ದಿನ ನಾವು ನಾಲ್ಕು ಜನ ಮನೆ, ಗಂಡ, ಮಕ್ಕಳು, ಸತ್ತವರು, ಹುಟ್ಟಿದವರು ಎಲ್ಲರನ್ನೂ ಬಿಟ್ಟು ಹೋಗುತ್ತೇವೆ. ನೀನು, ನಾನು, ಹೆಸರಿಗೆ ಗುಬ್ಬಿಯಾಗಿ ಮೂವರ ಊಟ ತಿನ್ನುವ ಗುಬ್ಬಿ, ಆಮೇಲೆ ಬಂದು ಸೇರಿಕೊಂಡ ಪುಟ್ಟಿ. ನಾಲ್ವರೂ ಒಂದೇ ಆಪರೇಷನ್ ಥಿಯೇಟರಿನ ನರ್ಸುಗಳು. ತಪ್ಪಾಯಿತು, ಮೂವರು. ನನ್ನನ್ನು ಮೂರು ತಿಂಗಳ ಹಿಂದೆ ನೆಲಮಾಳಿಗೆಗೆ ಇಳಿಸಿದರಲ್ಲ. ಅಲ್ಲಿ ಕೂತು ನೀವು ಬಳಸಿ ಬಿಸಾಕಿದ ಕತ್ತರಿ ಚಿಮಟಗಳನ್ನು ತೊಳೆದು ಪೊಟ್ಟಣ ಕಟ್ಟುತ್ತೇನೆ. ಕಿಟಕಿಯಿಲ್ಲದ ಕೋಣೆ, ಇಡೀ ದಿನ ಹಬೆಯ ಯಂತ್ರದ ಬುಸುಬುಸು. ಯಾರೋ ಬರೆದುಕೊಟ್ಟಿದ್ದಾರೆ, ನಿನ್ನ ಕೈ ನಡುಗುತ್ತದಂತೆ ಎಂದರು ಮೇಟ್ರನ್. ಯಾರು ಎಂದು ಹೇಳಲಿಲ್ಲ. ಆ ಯಾರೋ ಯಾರೆಂದು ತಿಳಿಯದೆ ಮೂರು ತಿಂಗಳು ನಾನು ನಿನ್ನ ಹೆಗಲ ಮೇಲೆ ತಲೆಯಿಟ್ಟು ಶಾಪ ಹಾಕಿದ್ದೇನೆ. ನೀನು ನನ್ನ ಬೆನ್ನು ಸವರಿದ್ದೀಯ.

ಈ ಸಲದ ಪ್ರವಾಸದ ಮೊದಲ ದಿನವೇ ನನಗೆ ಸಂಶಯ ಬರಬೇಕಿತ್ತು. ಪ್ರತಿ ವರ್ಷ ಫೋಟೋ ತೆಗೆಯುವವಳು ನಾನು. ಈ ಸಲ ಕ್ಯಾಮೆರಾ ಪುಟ್ಟಿಯ ಕೊರಳಿನಲ್ಲಿತ್ತು. ಹೋದ ವರ್ಷದವು ಮಸುಕಾಗಿ ಬಂದಿದ್ದವಂತೆ. ಮಂಜಿತ್ತು, ಮಸುಕಾಗದೆ ಇನ್ನೇನಾಗುತ್ತದೆ? ಹಳೇ ಕೋಟೆಯ ಮೆಟ್ಟಿಲು ಹತ್ತುವಾಗ ನೀನು ನನ್ನ ಮೊಣಕೈ ಹಿಡಿದೆ. ಬುರುಜಿನ ಮೇಲೆ ದುರ್ಬೀನಿಗೆ ಕಣ್ಣಿಟ್ಟರೆ, "ನಾನು ಹಿಡ್ಕೊಂಡಿರ್ತೀನಿ, ನೀನು ನೋಡು" ಅಂದೆ. ದುರ್ಬೀನು ಕಬ್ಬಿಣದ ಕಂಬಕ್ಕೆ ಬಿಗಿದಿತ್ತು ತಾಯಿ, ಅದನ್ನು ಯಾರೂ ಹಿಡಿದುಕೊಳ್ಳಬೇಕಾಗಿರಲಿಲ್ಲ. ಗುಬ್ಬಿ ಹೊಸ ಸರ್ಜನ್ನರ ವಿಷಯ ತೆಗೆದರೆ ನೀನು ಮೇಜಿನ ಕೆಳಗೆ ಅವಳ ಕಾಲಿಗೆ ಒದೆಯುತ್ತಿದ್ದೆ. ಒಂದು ಸಲ ಆ ಒದೆ ನನಗೇ ಬಿತ್ತು.

ಭಾನುವಾರ ಮಧ್ಯಾಹ್ನ ಕೆರೆದಂಡೆಯ ಆ ಊಟದ ಮನೆ. ಗಾಜಿನ ಗೋಡೆ, ಬಿಳಿ ಮೇಜುಬಟ್ಟೆ, ಹೊರಗೆ ದೋಣಿಗಳು. ಎಷ್ಟು ಖುಷಿಯಾಗಿತ್ತು ನನಗೆ! ನೀನು ನಿಮ್ಮ ಮೂವರ ಬಟ್ಟಲಿಗೂ ಸೂಪು ತುಂಬಾ ಬಡಿಸಿದೆ, ನನ್ನ ಬಟ್ಟಲಿಗೆ ಅರ್ಧ. ಆಮೇಲೆ ಹುರಿದ ಮೀನು ಬಂತು. ನೀನು ಕೇಳಲಿಲ್ಲ, ಹೇಳಲಿಲ್ಲ, ನನ್ನ ತಟ್ಟೆ ನಿನ್ನ ಕಡೆ ಎಳೆದುಕೊಂಡು ಮುಳ್ಳು ಬಿಡಿಸತೊಡಗಿದೆ. ಎಲ್ಲರೆದುರಿಗೆ, ಬಡಿಸುವವನೂ ನೋಡುತ್ತಿದ್ದ. ಕೂದಲಿನಷ್ಟು ತೆಳ್ಳನೆಯ ದಾರವನ್ನು ಒಂದೇ ಏಟಿಗೆ ಸೂಜಿಗೆ ಪೋಣಿಸುತ್ತೇನೆಂದು ನನಗೆ ಸೂಜಿ ಎಂದು ಹೆಸರಿಟ್ಟವಳೇ ನೀನು. ನನಗೆ ಮೈಯೆಲ್ಲಾ ಉರಿದುಹೋಯಿತು. "ನಾನೇನು ಹಾಲು ಕುಡಿಯೋ ಮಗುವಾ?" ಎಂದು ಕೇಳಿದೆ. ಆಗ ಪುಟ್ಟಿ, ಪಾಪ, ಸಮಾಧಾನ ಮಾಡಲು ಹೋಗಿ ಬಾಯಿಬಿಟ್ಟಳು. "ಕೋಪ ಮಾಡ್ಕೋಬೇಡಿ ಅಕ್ಕಾ. ನಿಮ್ಮ ಬಗ್ಗೆ ಮೇಟ್ರನ್‌ಗೆ ಬರ್ಕೊಟ್ಟ ದಿನ ಗಡಿಯಾರಕ್ಕ ಊಟಾನೇ ಮಾಡ್ಲಿಲ್ಲ."

ನೀನು ಮುಳ್ಳು ಬಿಡಿಸುವುದನ್ನು ನಿಲ್ಲಿಸಲಿಲ್ಲ, ಅದು ನನಗೆ ಇನ್ನೂ ಕಣ್ಣಿಗೆ ಕಟ್ಟಿದ ಹಾಗಿದೆ. ಒಂದೊಂದೇ ಮುಳ್ಳನ್ನು ತಟ್ಟೆಯ ಅಂಚಿಗೆ ಸಾಲಾಗಿ ಇಡುತ್ತಾ, "ಹೌದು ಕಣೇ, ನಾನೇ ಬರ್ಕೊಟ್ಟಿದ್ದು. ಇನ್ನೇನು ಮಾಡ್ಲಿ?" ಅಂದೆ.

ಇನ್ನೇನು ಮಾಡಬೇಕಿತ್ತೇ? ನನಗೆ ಹೇಳಬೇಕಿತ್ತು! ಬಟ್ಟೆ ಬದಲಿಸುವ ಕೋಣೆಯಲ್ಲಿ ಬಾಗಿಲು ಹಾಕಿಕೊಂಡು, ಸೂಜಿ, ನಿನ್ನ ಕೈ ನೋಡಿಕೋ ಎಂದು ಒಂದು ಮಾತು. ಅದು ಬಿಟ್ಟು ನನ್ನ ಬೆನ್ನ ಹಿಂದೆ ಕಾಗದ ಬರೆದು, ನನ್ನ ಮುಂದೆ ಕೂತು ನನ್ನ ಜೊತೆಗೇ ಆ ಯಾರೋ ಒಬ್ಬರನ್ನು ಬೈದೆಯಲ್ಲ, ನಾಚಿಕೆಯಾಗಲಿಲ್ಲವೇ? ಅಷ್ಟಕ್ಕೂ ನನ್ನ ಕೈಗೆ ಏನಾಗಿತ್ತು? ಥಿಯೇಟರಿನ ಚಳಿ ನಿನಗೆ ಗೊತ್ತಿಲ್ಲವೇ? ಒಂದು ದಿನ ಚಿಮಟ ಜಾರಿತು. ಯಾರ ಕೈಯಿಂದ ಜಾರಿಲ್ಲ?

ಮೀನು ಮುಟ್ಟದೆ ಎದ್ದುಬಂದೆ. ಪ್ರವಾಸದ ಬಸ್ಸಿಗೆ ಹೋಗಿ ನಿಮ್ಮ ಸೀಟುಗಳನ್ನು ದಾಟಿ, ಕಟ್ಟಕಡೆಯ ಸಾಲಿನಲ್ಲಿ ಒಬ್ಬಳೇ ಕೂತೆ. ನೀವು ಮೂವರೂ ಬಂದು ಮುಂದೆ ಕೂತಿರಿ. ಒಬ್ಬರೂ ಹಿಂದಕ್ಕೆ ಬರಲಿಲ್ಲ. ಸ್ವಲ್ಪ ಹೊತ್ತಿಗೆ ನಾನು ಸ್ವೆಟರನ್ನು ಸೀಟಿಗೆ ಹೊದಿಸಿ, ಅದರ ಮೇಲೆ ಟೋಪಿ ಇಟ್ಟು, ಹಿಂದಿನ ಬಾಗಿಲಿನಿಂದ ಇಳಿದು ಶೌಚಾಲಯಕ್ಕೆ ಹೋದೆ. ಡ್ರೈವರ್ ಎಂದಿನಂತೆ ಒಂದೊಂದೇ ಗುಂಪನ್ನು ಕೇಳಿಕೊಂಡು ಬಂದ. ನಿಮ್ಮ ಹತ್ತಿರ, "ನಿಮ್ಮವರೆಲ್ಲಾ ಬಂದ್ರಾ?" ಎಂದ. ನೀನು ಕತ್ತು ತಿರುಗಿಸಿ ಹಿಂದಕ್ಕೆ ನೋಡಿ ಹೇಳಿದ್ದನ್ನು ನಾನು ಸಾಯುವವರೆಗೂ ಮರೆಯುವುದಿಲ್ಲ. "ನಾಲ್ಕೂ ಜನ ಇದ್ದೀವಿ, ಹೊರಡಿ."

ನೀನು, ಗಡಿಯಾರ! ಹೊಟ್ಟೆ ಹೊಲಿಯುವ ಮುಂಚೆ ರಕ್ತ ಒತ್ತಿದ ಬಟ್ಟೆಚೂರುಗಳನ್ನು ಮೂರು ಸಲ ಎಣಿಸುವವಳು. ಒಂದು ಕಡಿಮೆಯಾಯಿತೆಂದು ದೊಡ್ಡ ಸರ್ಜನ್ನರನ್ನೇ ಮುಕ್ಕಾಲು ಗಂಟೆ ಸೂಜಿ ಎತ್ತದಂತೆ ನಿಲ್ಲಿಸಿದವಳು. ಅವರು ಕೂಗಾಡಿದರೂ ಜಗ್ಗದೆ, ಕಡೆಗೆ ಅವರ ಚಪ್ಪಲಿಗೆ ಅಂಟಿದ್ದ ಚೂರನ್ನು ಹುಡುಕಿ ತೋರಿಸಿದವಳು. ಮುದ್ದೆಯಾಗಿ ಬಿದ್ದಿರುವುದನ್ನು ಕಣ್ಣಂದಾಜಿನಲ್ಲಿ ಎಣಿಸಬಾರದು, ಒಂದೊಂದನ್ನೂ ಬಿಡಿಸಿ, ಇಬ್ಬರು ಜೋರಾಗಿ ಹೇಳಿ ಎಣಿಸಬೇಕು ಎಂದು ನಾವಿಬ್ಬರೂ ಒಟ್ಟಿಗೆ ಕಲಿತದ್ದಲ್ಲವೇನೇ? ಒಂದು ಹಳೇ ಸ್ವೆಟರಿಗೆ ಟೋಪಿ ಹಾಕಿದರೆ ಅದು ನಾನಾಗಿಬಿಟ್ಟಿತೇ? ಒಳಗೆ ಸೂಜಿ ಇದ್ದಾಳೋ ಇಲ್ಲವೋ ಎಂದು ಎದ್ದು ಬಂದು ನೋಡುವಷ್ಟೂ ನಾನು ಬೇಡವಾದೆನೇ?

ಶೌಚಾಲಯದಲ್ಲಿದ್ದವಳಿಗೆ ಇದೆಲ್ಲಾ ಹೇಗೆ ಕೇಳಿಸಿತು ಎಂದು ನೀನು ಕೇಳುತ್ತೀಯ. ಕೇಳದೆ ಬಿಡುವವಳಲ್ಲ. ಸರಿ, ಹೇಳುತ್ತೇನೆ. ನಾನು ಶೌಚಾಲಯದಲ್ಲಿರಲಿಲ್ಲ. ಟಿಕೇಟು ಕೊಡುವ ಗೂಡಿನ ಹಿಂದೆ ನಿಂತಿದ್ದೆ. ಬಸ್ಸು ಹತ್ತು ಹೆಜ್ಜೆ ದೂರದಲ್ಲಿತ್ತು, ನಿನ್ನ ಕಿಟಕಿ ತೆರೆದಿತ್ತು. ಒಂದು ಕೂಗು ಹಾಕಿದ್ದರೆ ಸಾಕಿತ್ತು. ಹಾಕಲಿಲ್ಲ. ನೋಡೋಣ, ಎಣಿಸುತ್ತಾಳೋ ಇಲ್ಲವೋ ಎಂದು ಉಸಿರು ಬಿಗಿಹಿಡಿದು ನಿಂತಿದ್ದೆ. ಐವತ್ಮೂರು ವರ್ಷದ ಹೆಂಗಸು, ಕಣ್ಣಾಮುಚ್ಚಾಲೆ ಆಡುವವಳ ಹಾಗೆ. ಬಸ್ಸು ತಿರುವು ದಾಟಿತು. ಆಗಲೂ ನಿಲ್ಲಿಸುತ್ತಾರೆ, ಈಗ ನಿಲ್ಲಿಸುತ್ತಾರೆ ಎಂದುಕೊಂಡೆ. ಧೂಳು ಕೂಡ ಇಳಿಯಿತು. ಯಾರೂ ನಿಲ್ಲಿಸಲಿಲ್ಲ.

ಅತ್ತೆನೆಂದು ತಿಳಿಯಬೇಡ. ಮತ್ತೆ ಅದೇ ಊಟದ ಮನೆಗೆ ಹೋದೆ. ಅದೇ ಮೇಜಿನಲ್ಲಿ ಕೂತು, ಸೂಪು ತರಿಸಿ, ಬಟ್ಟಲು ತುಂಬಾ ಹಾಕಿ ಎಂದೆ. ಬಿಸಿಬಿಸಿಯಾಗಿ, ಕೆರೆ ನೋಡುತ್ತಾ, ಹಾಯಾಗಿ ಕುಡಿದೆ. ಒಂದು ತೊಟ್ಟೂ ಚೆಲ್ಲಲಿಲ್ಲ. ಒಂದು ಗಂಟೆ ನಲವತ್ತು ನಿಮಿಷ ಅಲ್ಲೇ ಕೂತಿದ್ದೆ. ನಿಮಿಷ ಎಣಿಸುವುದು ನಿನಗೊಬ್ಬಳಿಗೇ ಬರುತ್ತದೆಯೇ?

ಆಮೇಲೆ ನೀನು ಬಂದೆ. ಜಲಪಾತದ ಹತ್ತಿರ ಬಸ್ಸು ನಿಂತಾಗ, ರಾಜಿ ಮಾಡಿಸಲು ಕಿತ್ತಳೆ ಸುಲಿದುಕೊಂಡು ಹಿಂದಕ್ಕೆ ಬಂದ ಪುಟ್ಟಿ ಸ್ವೆಟರಿಗೆ ಕಿತ್ತಳೆ ಚಾಚಿದಳಂತೆ. ಆಗ ನೀನು ಮೊಟ್ಟೆ ಸಾಗಿಸುವ ವ್ಯಾನು ಹತ್ತಿ, ಮೊಟ್ಟೆಯ ತಟ್ಟೆಗಳ ಮಧ್ಯೆ ಕೂತು, ತಲೆತುಂಬಾ ಹೊಟ್ಟು ಮೆತ್ತಿಕೊಂಡು ಇಳಿದೆ. ಬೇರೆ ದಿನವಾಗಿದ್ದರೆ ಹೊಟ್ಟೆ ಹುಣ್ಣಾಗುವಷ್ಟು ನಗುತ್ತಿದ್ದೆ. ಇಳಿದವಳೇ ಏನಂದೆ? ತಪ್ಪಾಯಿತು ಎಂದೆಯಾ? "ಬುದ್ಧಿಗಿದ್ಧಿ ಇದೆಯೇನೇ ನಿನಗೆ!" ಎಂದು ಇಡೀ ಊಟದ ಮನೆ ತಿರುಗಿ ನೋಡುವ ಹಾಗೆ ಕಿರುಚಿದೆ. ನೀರಿನ ಲೋಟ ಎತ್ತಿಕೊಂಡೆ. ಆ ಲೋಟ ಮೇಜಿಗೆ ತಾಗಿ ಟಕಟಕ ಸದ್ದು ಮಾಡಿತು. ನಿನ್ನ ಕೈ ನಡುಗುತ್ತಿತ್ತು, ಗಡಿಯಾರ. ನಾನು ಕಣ್ಣಾರೆ ನೋಡಿದೆ. ನಾನು ಯಾರಿಗೂ ಬರೆದುಕೊಡಲಿಲ್ಲ.

ಹಿಂತಿರುಗುವ ದಾರಿಯುದ್ದಕ್ಕೂ ನಾನು ನಿನ್ನ ಜೊತೆ ಮಾತಾಡಲಿಲ್ಲ. ಇನ್ನು ಮುಂದೆಯೂ ಆಡುವುದಿಲ್ಲ. ಮುಂದಿನ ವರ್ಷ ಮೂರು ಟಿಕೇಟು ತೆಗೆಸಿ. ಎಣಿಸುವುದಕ್ಕೆ ನಿಮಗೂ ಸುಲಭ.

ಇಂತಿ,
ಒಂದು ಕಾಲಕ್ಕೆ ನಿನ್ನ ಸ್ನೇಹಿತೆಯಾಗಿದ್ದ
ಸೂಜಿ

ಮರೆತ ಮಾತು: ಲಕೋಟೆ ನೋಡಿದಾಗಲೇ ನಿನಗೆ ಗೊತ್ತಾಗಿರುತ್ತದೆ, ಈ ಅಕ್ಷರ ನನ್ನದಲ್ಲ. ನಿನ್ನೆ ಇಡೀ ದಿನ ನಾನೇ ಬರೆಯಲು ಕೂತಿದ್ದೆ. ಏಳು ಹಾಳೆ ಹಾಳಾದವು. ಪೆನ್ನು ಗೆರೆಯ ಮೇಲೆ ನಿಲ್ಲುವುದಿಲ್ಲ. ಬೇಸಿಗೆ, ಚಳಿಯೂ ಇಲ್ಲ. ನಾನು ಹೇಳುತ್ತಾ ಹೋದೆ, ತಂಗಿಯ ಮಗಳು ಬರೆದಳು. ಮೊದಲಲ್ಲಿ ಬಿಟ್ಟಿರುವ ಆ ಪದ ಬರೆಯುವುದಿಲ್ಲವೆಂದು ಹಟ ಹಿಡಿದಳು, "ದೊಡ್ಡಮ್ಮಾ, ನಮ್ಮ ಟೀಚರ್‌ಗೆ ಗೊತ್ತಾದ್ರೆ ಅಷ್ಟೇ" ಅಂತ. ಸೂಪಿನ ವಿಷಯದಲ್ಲಿ ಸುಳ್ಳು ಹೇಳಿದ್ದೇನೆ. ಮೇಜುಬಟ್ಟೆಯನ್ನು ಎರಡು ಸಲ ಬದಲಿಸಿದರು. ಕಡೆಗೆ ಬಟ್ಟಲನ್ನು ಎರಡು ಕೈಯಲ್ಲಿ ಎತ್ತಿಕೊಂಡು ಕುಡಿದೆ.

ಅವಳು ಬುಟ್ಟಿಯಿಂದ ಡಾಕ್ಟರರ ಚೀಟಿಯ ಚೂರುಗಳನ್ನು ಆರಿಸಿ, ಬಿಡಿಸಿ, ನಾಲ್ಕನ್ನೂ ಎಣಿಸಿ ಅಂಟಿಸಿದ್ದಾಳೆ. ನಾಳೆ ನಿನ್ನ ಡ್ಯೂಟಿಗೆ ಮುಂಚೆ ಈ ಕಾಗದ ನಿನ್ನ ಕೈಗೆ ಕೊಡುತ್ತಾಳೆ. ನನ್ನ ಕೋಪ ಇನ್ನೂ ಇಳಿದಿಲ್ಲ, ಅದು ನಿನಗೆ ಗೊತ್ತಿರಲಿ. ಗುರುವಾರ ಹತ್ತು ಗಂಟೆಗೆ ಬಾ, ಒಬ್ಬಳೇ ಬಾ. ಮೆಟ್ಟಿಲ ಹತ್ತಿರ ಮೊಣಕೈ ಹಿಡಿಯಬೇಡ. ಡಾಕ್ಟರು ನನಗೆ ಎರಡೂ ಕೈ ಮುಂದೆ ಚಾಚಲು ಹೇಳುತ್ತಾರೆ. ಆಗ ನೀನು ಕಿಟಕಿಯ ಕಡೆ ನೋಡುತ್ತಿರು.